ಬೀದಿಯಲ್ಲೇ ಓಡುವ ಮೆಟ್ಟಿಲು: ಹಾಂಗ್‌ಕಾಂಗ್‌ಗೆ ಒಳ್ಳೆಯದಾಯ್ತಾ?

ಪರ

ಹಾಂಗ್‌ಕಾಂಗ್‌ನಲ್ಲಿ ಆಫೀಸುಗಳು ಕೆಳಗೆ, ಸೆಂಟ್ರಲ್‌ನಲ್ಲಿ. ಮನೆಗಳು ಮೇಲೆ, ಗುಡ್ಡದ ಮೈಯಲ್ಲಿರುವ ಮಿಡ್-ಲೆವೆಲ್ಸ್‌ನಲ್ಲಿ. ನಡುವೆ ಸುಮಾರು 135 ಮೀಟರ್ ಏರು. ಕಾರಿನಲ್ಲಿ ಹೊರಟರೆ ಸುತ್ತಿ ಬಳಸಿಯೇ ಹೋಗಬೇಕು. 1993ರಿಂದ ಅಲ್ಲಿ ಎಸ್ಕಲೇಟರ್‌ಗಳ ಸಾಲೇ ಇದೆ. ಒಟ್ಟು ಉದ್ದ ಸುಮಾರು 800 ಮೀಟರ್. ಟಿಕೆಟ್ ಇಲ್ಲ. ಹೆಚ್ಚಿನ ಕಡೆ ತಲೆ ಮೇಲೆ ಸೂರಿದೆ. ಸುಮ್ನೆ ನಿಂತುಕೊಂಡರೂ ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ತುದಿ ಮುಟ್ಟಬಹುದು.

ರಸ್ತೆಯ ದಟ್ಟಣೆ ಇಳಿಯಲಿಲ್ಲ, ಖರ್ಚು ಮಾತ್ರ ಅಂದಾಜು ಮೀರಿತು ಅಂತ 1996ರಲ್ಲೇ ಸರ್ಕಾರಿ ಲೆಕ್ಕ ಪರಿಶೋಧಕರು ತರಾಟೆಗೆ ತೆಗೆದುಕೊಂಡಿದ್ದರು. ಲೆಕ್ಕ ತಪ್ಪಲ್ಲ. ಆದರೆ ಕಾರು ಎಣಿಸಿದರೆ ಸಾಕಾ, ಕಾಲು ಎಣಿಸಬೇಡ್ವಾ? ದಿನಕ್ಕೆ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಇದರಲ್ಲಿ ಓಡಾಡುತ್ತಾರೆ. ಕಾಕ್ರೇನ್ ಬೀದಿಯಲ್ಲಿ ಇದು ನೆಲದಿಂದ ಎತ್ತರದಲ್ಲಿ ಹೋಗುವಾಗ ಮೊದಲ ಮಹಡಿಯ ಕಿಟಕಿಗಳು ಕಣ್ಣೆದುರಿಗೇ ಬರುತ್ತವೆ. ಅಂಗಡಿಯವರೂ ಜಾಣರು, ಬೋರ್ಡನ್ನು ಮಹಡಿಗೇ ಏರಿಸಿದರು.

ವಿರೋಧ

ಎಪ್ಪತ್ತು ಸಾವಿರ ಸರಿ. ಆದರೆ ಎತ್ತ ಕಡೆ ಹೋಗುವವರು? ಈ ಮೆಟ್ಟಿಲು ಓಡುವುದು ಒಮ್ಮೆಗೆ ಒಂದೇ ದಿಕ್ಕಿಗೆ. ಬೆಳಿಗ್ಗೆ 6ರಿಂದ 10ರವರೆಗೆ ಇಳಿಯುತ್ತದೆ, ಆಮೇಲೆ ನಡುರಾತ್ರಿವರೆಗೆ ಏರುತ್ತದೆ. ಮೇಲಿನ ಮನೆಯಿಂದ ಕೆಳಗಿನ ಆಫೀಸಿಗೆ ಹೋಗುವವರ ಗಡಿಯಾರ ಇದು.

ಬೆಳಿಗ್ಗೆ ಒಂಬತ್ತು ಗಂಟೆಗೆ ಕೆಳಗಿನ ಗ್ರಹಾಂ ಬೀದಿಯ ಸಂತೆಯಲ್ಲಿ ಸೊಪ್ಪು, ಮೀನು ಕೊಂಡವರನ್ನು ನೆನೆಯಿರಿ. ಎರಡೂ ಕೈಯಲ್ಲಿ ಚೀಲ. ಪಕ್ಕದಲ್ಲೇ ಟೈ ಕಟ್ಟಿದವರು ನಿಂತಲ್ಲೇ ಜಾರಿ ಇಳಿಯುತ್ತಾರೆ. ಇವರು ಕಲ್ಲಿನ ಮೆಟ್ಟಿಲು ಹತ್ತಬೇಕು. ಮೇಲಿನ ಕಟ್ಟಡಗಳ ಕಸ ಗುಡಿಸುವವರು, ಕಾವಲಿನವರು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯೂ ಇದೇ ಅಲ್ವಾ? ಸಂಜೆ ಇಳಿಯಬೇಕಾದ ಮುದುಕರ ಕಥೆ ಬೇರೆ. ಮೊಣಕಾಲು ನೋವಿದ್ದವರನ್ನು ಕೇಳಿ, ಹತ್ತೋದಕ್ಕಿಂತ ಇಳಿಯೋದೇ ಕಷ್ಟ ಅಂತಾರೆ.

ಆಸುಪಾಸಿನ ಬಾಡಿಗೆಯೂ ಏರಿತು. ಹಾಲಿವುಡ್ ರಸ್ತೆಯ ದಕ್ಷಿಣಕ್ಕೆ ಹಳೇ ಚಿಲ್ಲರೆ ಅಂಗಡಿಗಳಿದ್ದ ಓಣಿಗಳು ಬಾರು, ಹೋಟೆಲುಗಳಿಂದ ತುಂಬಿ 'ಸೋಹೋ' (ಸೌತ್ ಆಫ್ ಹಾಲಿವುಡ್ ರೋಡ್) ಆದವು. ಅದನ್ನು ಅಭಿವೃದ್ಧಿ ಅನ್ನುವವರು ಅನ್ನಲಿ.

ಬೀದಿ ಕಿರಿದು, ಎರಡು ಸಾಲಿಗೆ ಜಾಗ ಇಲ್ಲ ಅನ್ನುತ್ತಾರೆ. ಒಪ್ಪೋಣ. ಆದರೆ ಅದೇ ಊರಿನ ಬೇರೆ ಗುಡ್ಡಗಳಿಗೆ ಈಚೆಗೆ ಲಿಫ್ಟ್ ಹಾಕಿದ್ದಾರೆ. ಒಂಬತ್ತು ಗಂಟೆಗೂ ಅದು ಮೇಲಕ್ಕೆ ಹೋಗುತ್ತದೆ, ಚೀಲ ಹಿಡಿದವರನ್ನೂ ಗಾಲಿಕುರ್ಚಿಯವರನ್ನೂ ಕರೆದುಕೊಂಡು.