ಸ್ಪಷ್ಟನೆ: 40 ಮೀಟರ್ ಆಳದ ಡೈವಿಂಗ್‌ಗೆ 3 ಲೀಟರ್ ಬೇಲ್‌ಔಟ್ (ತುರ್ತು ಸಿಲಿಂಡರ್) ಸಾಲದು

"ರಿಬ್ರೀದರ್ ಉಸಿರನ್ನೇ ಮರುಬಳಸುತ್ತದೆ, ತುರ್ತಿಗೆ 3 ಲೀಟರ್ ಸಿಲಿಂಡರ್ ಸಾಕು" ಎಂಬ ಮೆಸೇಜ್ ಮಂಗಳೂರು, ಮಲ್ಪೆಯ ಡೈವಿಂಗ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ರಿಬ್ರೀದರ್ ಎಂದರೆ ಬಿಟ್ಟ ಉಸಿರನ್ನು ಶುದ್ಧಗೊಳಿಸಿ ಮತ್ತೆ ಉಸಿರಾಡಲು ಕೊಡುವ ಡೈವಿಂಗ್ ಉಪಕರಣ. ಆದರೆ ಅದು ಕೈಕೊಟ್ಟು ಬೇಲ್‌ಔಟ್‌ಗೆ ಬದಲಾದ ಕ್ಷಣದಿಂದ ಮರುಬಳಕೆಯೇ ಇಲ್ಲ. ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಹೋಗುತ್ತದೆ.

200 ಬಾರ್ ಒತ್ತಡಕ್ಕೆ ತುಂಬಿದ 3 ಲೀಟರ್ ಸಿಲಿಂಡರಿನಲ್ಲಿರುವುದು ಸುಮಾರು 600 ಲೀಟರ್ ಅನಿಲ. 40 ಮೀಟರಿನಲ್ಲಿ ಒತ್ತಡ 5 ಬಾರ್, ಅಂದರೆ ಪ್ರತಿ ಉಸಿರಿಗೆ ಮೇಲ್ಮೈಗಿಂತ ಐದು ಪಟ್ಟು ಅನಿಲ ಬೇಕು. ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಭಾಗವಾದ ಸ್ಕ್ರಬ್ಬರ್ ಕೈಕೊಟ್ಟು ಆ ಅನಿಲ ಏರಿದರೆ ಏದುಸಿರು. ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 40 ಲೀಟರ್ ಹಿಡಿದರೂ ಅಲ್ಲಿ 200 ಲೀಟರ್ ಖರ್ಚು. ಅಂದರೆ ಮೂರೇ ನಿಮಿಷ!

ತಳದಲ್ಲಿ ಸುಧಾರಿಸಿಕೊಳ್ಳುವ 2 ನಿಮಿಷಕ್ಕೆ 400 ಲೀಟರ್, ನಿಮಿಷಕ್ಕೆ 9 ಮೀಟರಿನಂತೆ ಮೇಲೇರಲು ಸುಮಾರು 530, 5 ಮೀಟರಿನಲ್ಲಿ 3 ನಿಮಿಷ ನಿಲ್ಲಲು 180. ಒಟ್ಟು 1,100 ಲೀಟರ್ ದಾಟಿತು. ಡಿಕಂಪ್ರೆಶನ್ ನಿಲುಗಡೆಗಳಿದ್ದರೆ (ದೇಹದಲ್ಲಿ ಕರಗಿದ ಅನಿಲ ನಿಧಾನವಾಗಿ ಹೊರಹೋಗಲು ಮೇಲೇರುವಾಗ ನಿಲ್ಲುವುದು) ಅದು ಬೇರೆಯೇ ಸೇರಬೇಕು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಲೆಕ್ಕವನ್ನೂ ಹಾಕಿ.