ಇಂಪಿನ ಶ್ರೇಯಸ್ಸೆಲ್ಲ ವಾಲ್ವಿಗೇ ಯಾಕೆ?

ಹಳೇ ರೇಡಿಯೊಗಳ ಬಗ್ಗೆ ನೀವು ಬರೆದ ಲೇಖನ ಓದಿದೆ. ರೇಡಿಯೊದ ದನಿ ಇಂಪಾಗಿದ್ದದ್ದು ವಾಲ್ವಿನಿಂದ (ಸೆಟ್ಟಿನೊಳಗೆ ಬೆಳಗುವ ಗಾಜಿನ ಕೊಳವೆ), ಅದರ ಜಾಗಕ್ಕೆ ಪುಟ್ಟ ಟ್ರಾನ್ಸಿಸ್ಟರ್ ಬಂದು ಅದನ್ನು ಕೆಡಿಸಿತು ಎನ್ನುವ ನಿಮ್ಮ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ತುಮಕೂರಿನಲ್ಲಿ ನಾವು ಕೇಳುತ್ತಿದ್ದದ್ದು ಬೆಂಗಳೂರು ಆಕಾಶವಾಣಿ, 612 ಕಿಲೋಹರ್ಟ್ಸ್. ಅದು ಬರುತ್ತಿದ್ದ ಮೀಡಿಯಂ ವೇವ್ ಪಟ್ಟಿಯಲ್ಲಿ ಪಕ್ಕದ ಸ್ಟೇಷನ್ ಒಳಗೆ ನುಗ್ಗದಿರಲಿ ಅಂತ ಸೆಟ್ಟು ಹಾಡು-ಮಾತಿನಲ್ಲಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಚಿರಚಿರ ದನಿಯನ್ನೆಲ್ಲ ಕತ್ತರಿಸುತ್ತಿತ್ತು. ಉಳಿದದ್ದು ದೊಡ್ಡ ಸ್ಪೀಕರಿನಲ್ಲಿ, ಮರದ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿತ್ತು. ಅದೇ ವಾಲ್ವುಗಳನ್ನು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೇಳಿ, ಇಂಪು ಎಲ್ಲಿ ಹೋಯಿತು ಅಂತ ನೀವೇ ಹುಡುಕುತ್ತೀರಿ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಲೇಖನ ಒಂದೇ ಸಾಲಿನಲ್ಲಿ ದಾಟಿಸಿದ ಕ್ಯಾಟಲಾಗ್, ಅಂದರೆ ರೇಡಿಯೊ ರಿಪೇರಿ ಪುಸ್ತಕದ ವಿಷಯಕ್ಕೆ. ಮಂಡಿಪೇಟೆ ಕಡೆಯ ರಿಪೇರಿ ಅಂಗಡಿಯಲ್ಲಿ ಸೋಲ್ಡರಿಂಗ್ ಕಲೆ ಬಿದ್ದ ಪುಸ್ತಕಗಳಿರುತ್ತಿದ್ದವು: ಪೂರ್ತಿ ಸರ್ಕ್ಯೂಟು, ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಬರಬೇಕು, ಸ್ಟೇಷನ್ ಮುಳ್ಳನ್ನು ಎಳೆಯುವ ಡಯಲ್ ದಾರ ಯಾವ ರಾಟೆಗೆ ಎಷ್ಟು ಸುತ್ತು, ಎಲ್ಲ. ಇಂಗ್ಲಿಷ್ ಓದಲು ಬಾರದ ಮೆಕ್ಯಾನಿಕ್ ಕೂಡ ಚಿತ್ರ ನೋಡಿಯೇ ಸರಿಮಾಡುತ್ತಿದ್ದ. ಈಗಿನ ಬ್ಲೂಟೂತ್ ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿ ‘ಬಿಚ್ಚಬೇಡಿ’ ಅಂತ ಇರುತ್ತದೆ, ಅಷ್ಟೇ.

ಇನ್ನೊಂದು. ಹಳೇ ರೇಡಿಯೊ ಅಟ್ಟದಿಂದ ಇಳಿಸಿ ಪ್ಲಗ್ ಚುಚ್ಚಿ ನೋಡಿ ಅಂತ ಬರೆದಿದ್ದೀರಲ್ಲ, ದಯವಿಟ್ಟು ಆ ಸಾಲು ತೆಗೆಯಿರಿ. ಒಳಗಿನ ಕಂಡೆನ್ಸರ್‌ಗಳು (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಒಣಗಿರುತ್ತವೆ, 200 ವೋಲ್ಟ್‌ಗೂ ಮೇಲಿನ ಡಿಸಿ ಕರೆಂಟು ಇರುತ್ತದೆ. ಬಲ್ಲವರ ಕೈಯಲ್ಲಿ ಮೊದಲು ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬನ್ನು ದಾಟಿಯೇ ಸೆಟ್ಟಿಗೆ ಹೋಗುವಂತೆ, 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬ್ ಕಟ್ಟಿಸಿ ನೋಡಿ. ಬಲ್ಬ್ ಮಂದವಾಗದೆ ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ ಅಂತ ಅರ್ಥ, ಪ್ಲಗ್ ಕಿತ್ತುಬಿಡಿ.