ಮಾವನ ಚೆಕ್‌ರೋಲ್ ಕಂಪ್ಯೂಟರಿಗೆ ಹೋದದ್ದು

ಗೋಣಿಕೊಪ್ಪದ ಹತ್ತಿರ ನಮ್ಮ ಮಾವನ ಕಾಫಿ ತೋಟ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಸಂಬಳದ ಪುಸ್ತಕ, ಇನ್ನು ಮೇಲೆ ಕಂಪ್ಯೂಟರಿನಲ್ಲೇ ಬರೆಯಬೇಕು ಅಂತ ಅವರಿಗೆ ಹಟ ಹತ್ತಿತು. ಹಾಜರಿ, ಸಂಬಳ ಎರಡನ್ನೂ ನೋಡಿಕೊಳ್ಳುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದು ಪುಕ್ಕಟೆ ಸಿಕ್ಕಿತು. ಮಳೆ ಹಿಡಿದರೆ ನಮ್ಮ ಕಡೆ ಕರೆಂಟು, ನೆಟ್‌ವರ್ಕು ಜೋಡಿಯಾಗಿ ರಜೆ ಹಾಕುತ್ತವೆ. ಹಾಗಾಗಿ ಅದರ ಜತೆ ಬಂದ ಫೈಲುಗಳನ್ನೆಲ್ಲ ಮಾವ ಪ್ರಿಂಟ್ ಹಾಕಿಸಿ ತಂದರು. ಎಲ್ಲ ಅಂದರೆ ಎಲ್ಲ.

ಅವರು ಮೊದಲು ಓದಲು ಕೂತದ್ದು ಲೈಸೆನ್ಸ್. ಓಪನ್ ಸೋರ್ಸ್‌ನವರು ಬಹಳ ಬಳಸುವ ಜಿಪಿಎಲ್ ಅನ್ನುವ ಲೈಸೆನ್ಸಿನ 2007ರ ಮೂರನೇ ಆವೃತ್ತಿ. ಅದರ 15, 16ನೇ ಕಲಮುಗಳು ಕ್ಯಾಪಿಟಲ್ ಅಕ್ಷರಗಳಲ್ಲಿ ಅಬ್ಬರಿಸುತ್ತವೆ: ಗ್ಯಾರಂಟಿ ಇಲ್ಲ, ನಷ್ಟವಾದರೆ ನಾವು ಹೊಣೆಯಲ್ಲ.

"ಇದೇನೋ, ಹಳೇ ಜೀಪ್ ಮಾರೋನ ಥರ ಮಾತಾಡ್ತಾನೆ!" ಅಂದರು ಮಾವ.

ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಚೇಂಜ್‌ಲಾಗ್ ಸಿಕ್ಕಿತ್ತು. ಯಾವ ಆವೃತ್ತಿಯಲ್ಲಿ ಯಾವ ತಪ್ಪು ಸರಿಹೋಯಿತು ಅನ್ನುವ ಪಟ್ಟಿ ಅದು. "ಇಷ್ಟು ರಿಪೇರಿ ಆಗಿರೋ ಸಾಮಾನು ನಮಗ್ಯಾಕೆ ಸಾರ್?" ಅಂದರು. ಹೊಸಬರಿಗೆ ಅದು ಹಾಗೇ ಕಾಣೋದು, ಅವರದೇನೂ ತಪ್ಪಿಲ್ಲ.

ಜನ ಇಂಥ ಸಾಫ್ಟ್‌ವೇರನ್ನು ದಿನಾ ಹೇಗೆ ಬಳಸುತ್ತಾರೆ ಅಂತ ತಿಳಿಯಬೇಕಾದರೆ ರೀಡ್‌ಮಿ ಅನ್ನುವ ಪರಿಚಯದ ಫೈಲಿನ ಮೇಲೆ ಕಣ್ಣಾಡಿಸಿ, ಸೀದಾ ಮಾದರಿಗಳಿರುವ 'ಎಕ್ಸಾಂಪಲ್ಸ್' ಫೋಲ್ಡರಿಗೆ ಹೋಗಬೇಕು. ರೆಫರೆನ್ಸ್ ಮ್ಯಾನುಯಲ್‌ನಲ್ಲಿ ಒಂದೊಂದು ಬಟನ್ನಿನ ಜಾತಕವೂ ಇರುತ್ತದೆ. ಮೊದಲು ಯಾವುದನ್ನು ಒತ್ತಬೇಕು ಅನ್ನೋದು ಮಾತ್ರ ಸಿಗೋದಿಲ್ಲ. ಯೂನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಮ್ಯಾನ್ ಪೇಜುಗಳೂ (ಅಂದರೆ ಅದರ ಮ್ಯಾನುಯಲ್ ಪುಟಗಳು) ಅಷ್ಟೇ, ಉದಾಹರಣೆ ಇದ್ದರೂ ಕೊನೆಕೊನೆಗೆ. ಪ್ರೋಗ್ರಾಂ ಬರೆಯುವವರಾದರೆ, ಪ್ರೋಗ್ರಾಂ ಸರಿಯಾಗಿ ನಡೆಯುತ್ತಾ ಅಂತ ತಾನೇ ಪರೀಕ್ಷಿಸುವ ಟೆಸ್ಟ್ ಫೈಲುಗಳನ್ನೂ ನೋಡಬಹುದು. ಮ್ಯಾನುಯಲ್ ಹಳತಾದರೆ ಯಾರೂ ಕೇಳೋದಿಲ್ಲ, ಟೆಸ್ಟ್ ಹಳತಾದರೆ ಅದೇ ಕೂಗಿ ಹೇಳುತ್ತದೆ.

ಪ್ರಿಂಟಿನ ಕಟ್ಟನ್ನು ಅಟ್ಟಕ್ಕೆ ಹಾಕಿಸಿ, ಎಕ್ಸಾಂಪಲ್ಸ್‌ನಲ್ಲಿದ್ದ ಮಾದರಿ ಫೈಲನ್ನು ರೈಟರಿಗೆ ತೆರೆದುಕೊಟ್ಟೆ. ಇದರ ಮೇಲೇ ನಮ್ಮವರ ಹೆಸರು ತುಂಬಿಸಿ ಅಂದೆ. ಅವರು ತುಂಬಿಸಿದರು, ಮಾದರಿಯಲ್ಲಿದ್ದ ಹೆಸರುಗಳ ಕೆಳಗೆ. ಆ ಹೆಸರುಗಳು ಆಲಿಸ್ ಮತ್ತು ಬಾಬ್. 1978ರ ಆರ್‌ಎಸ್‌ಎ ಗೂಢಲಿಪಿ ಪ್ರಬಂಧದಲ್ಲಿ ಬಂದ ಈ ಜೋಡಿಗೆ ಕಂಪ್ಯೂಟರ್ ಲೋಕದಲ್ಲಿ ಇವತ್ತಿಗೂ ಬಿಡುವಿಲ್ಲ.

ಶನಿವಾರ ಬಟವಾಡೆ. ಮಾವ ಕನ್ನಡಕ ಏರಿಸಿ ಪಟ್ಟಿ ನೋಡಿದರು.

"ಈ ಬಾಬ್ ಯಾವ ಲೈನ್ ಮನೇಲಿದ್ದಾನೆ? ಆರು ದಿನವೂ ಹಾಜರಿ. ಒಂದು ರೂಪಾಯಿ ಅಡ್ವಾನ್ಸ್ ತಗೊಂಡಿಲ್ಲ!"

ರೈಟರ್ ನನ್ನ ಮುಖ ನೋಡಿದರು.

"ಯಾರಾದ್ರೂ ಆಗಲಿ," ಅಂದರು ಮಾವ, "ಅವನನ್ನ ಮಾತ್ರ ಪಕ್ಕದ ತೋಟಕ್ಕೆ ಬಿಟ್ಟುಕೊಡಬೇಡಿ."